ಹಸುಗೂಸಿನ ಮೈಯಲ್ಲಿ ಸತ್ತ ಕಣಗಳನ್ನು ತೆಗೆಯುವವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ತಾಯಂದಿರು, ಅಜ್ಜಿಯರು, ಆಶಾ ಅಕ್ಕಂದಿರು ಮಕ್ಕಳ ವಾರ್ಡಿನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನರ್ಸಿಂಗ್ ಓದುವ ಹುಡುಗಿಯರು ಕೇಳಿದ ಕೆಲವು ಆಳವಾದ ಪ್ರಶ್ನೆಗಳೂ ಇವೆ. ನಂಜು, ಬಾವು, ಕಾಮಣಿ, ಹೊಕ್ಕಳು ಅಂತ ಬೇರೆ ಬೇರೆ ಹೆಸರಲ್ಲಿ ಕೇಳಿದರೂ ಬಹಳಷ್ಟು ಪ್ರಶ್ನೆಗಳು ಒಂದೇ ಕಡೆ ಬಂದು ನಿಲ್ಲುತ್ತವೆ. ಹಸುಗೂಸಿನ ಮೈಯಲ್ಲಿ ಉರಿಯೂತ (ನಂಜು, ಗಾಯಕ್ಕೆ ಮೈ ಕೆರಳಿ ಕೆಂಪಾಗಿ ಊದಿಕೊಳ್ಳುವುದು) ಹೇಗೆ ಶುರುವಾಗುತ್ತದೆ ಅನ್ನುವಷ್ಟೇ, ಅದು ಹೇಗೆ ಮುಗಿಯುತ್ತದೆ ಅನ್ನುವುದೂ ಮುಖ್ಯ. ಶುರುವಾಗುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮುಗಿಯುವುದರ ಬಗ್ಗೆ ಮಾತು ಕಡಿಮೆ. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ.

ಈಗ ತಾನೇ ಹುಟ್ಟಿದ ಕೂಸಿನ ಮೈಯಲ್ಲಿ ಸತ್ತ ಜೀವಕೋಶ ಯಾಕಿರುತ್ತವೆ?

ಜೀವಕೋಶ ಸಾಯುವುದು ರೋಗವಲ್ಲ. ಬೆಳೆಯುವ ಮೈಯಲ್ಲಿ ಅದು ದಿನದ ಕೆಲಸ. ಗರ್ಭದಲ್ಲಿ ಕೂಸಿನ ಕೈ ಮೊದಲು ಒಂದು ಹಲಗೆಯ ಹಾಗೆ ಇರುತ್ತದೆ. ಬೆರಳುಗಳ ನಡುವಿನ ಜೀವಕೋಶಗಳು ತಾವಾಗಿಯೇ ಸತ್ತಾಗ ಬೆರಳು ಬಿಡಿಬಿಡಿಯಾಗುತ್ತವೆ. ಮಿದುಳಿನಲ್ಲೂ ಬೇಕಾದ್ದಕ್ಕಿಂತ ಜಾಸ್ತಿ ನರಕೋಶ ಹುಟ್ಟಿ, ಹೆಚ್ಚಾದವು ಸಾಯುತ್ತವೆ.

ಹೀಗೆ ಕ್ರಮವಾಗಿ, ಒಡೆಯದೆ, ಒಳಗಿದ್ದದ್ದು ಹೊರಗೆ ಚೆಲ್ಲದೆ ಸಾಯುವುದಕ್ಕೆ ಅಪಾಪ್ಟೋಸಿಸ್ ಅಂತ ಹೆಸರು. 1972ರಲ್ಲಿ ಕೆರ್, ವಿಲ್ಲೀ, ಕರೀ ಎಂಬ ಮೂವರು ಈ ಹೆಸರಿಟ್ಟರು. ಒಂದು ಮಿಲಿಮೀಟರ್ ಉದ್ದದ ಸಣ್ಣ ಹುಳುವೊಂದರಲ್ಲಿ 1,090 ಜೀವಕೋಶ ಹುಟ್ಟುತ್ತವೆ. ಅದರಲ್ಲಿ ಸರಿಯಾಗಿ 131 ಸಾಯುತ್ತವೆ, ಪ್ರತಿ ಹುಳುವಿನಲ್ಲೂ ಅವೇ 131. ಸಾವಿಗೂ ಮೊದಲೇ ಬರೆದಿಟ್ಟ ಲೆಕ್ಕ ಇದೆ ಅಂತ ತೋರಿಸಿದ ಈ ಕೆಲಸಕ್ಕೆ 2002ರಲ್ಲಿ ನೊಬೆಲ್ ಸಿಕ್ಕಿತು.

ರಕ್ತದಲ್ಲಿ ಈ ಸಾವು ಇನ್ನೂ ಜೋರು. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ರೋಗಾಣು ಬಂದ ಕಡೆ ಮೊದಲು ಓಡಿ ಹೋಗುತ್ತವೆ. ಇವುಗಳ ಆಯುಸ್ಸು ಗಂಟೆಗಳ ಲೆಕ್ಕ, ಹೆಚ್ಚೆಂದರೆ ಕೆಲವು ದಿನ. ದೊಡ್ಡವರ ಮೈ ದಿನಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಅಷ್ಟು ತಯಾರಾದರೆ ಅಷ್ಟು ಸಾಯಲೇಬೇಕಲ್ವಾ?

ಸತ್ತ ಕಣಗಳನ್ನು ಯಾರು ತೆಗೆಯುತ್ತಾರೆ?

ಮುಖ್ಯವಾಗಿ ಮ್ಯಾಕ್ರೋಫೇಜ್ ಅನ್ನುವ ದೊಡ್ಡ ಕಣಗಳು. 1882ರಲ್ಲಿ ಎಲೀ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಯ ಮೈಗೆ ಮುಳ್ಳು ಚುಚ್ಚಿ ನೋಡಿದರು. ಅಲೆದಾಡುವ ಕಣಗಳು ಮುಳ್ಳಿನ ಸುತ್ತ ಬಂದು ಸೇರಿದ್ದವು. ನುಂಗುವ ಕಣಗಳ ಕಥೆ ಅಲ್ಲಿಂದ ಶುರು. ಅವರಿಗೆ 1908ರಲ್ಲಿ ಪಾಲ್ ಎರ್ಲಿಚ್ ಜೊತೆ ನೊಬೆಲ್ ಬಂತು.

ಮ್ಯಾಕ್ರೋಫೇಜ್‌ಗೆ ಯಾವುದು ಸತ್ತದ್ದು, ಯಾವುದು ಬದುಕಿದ್ದು ಅಂತ ಗೊತ್ತಾಗುವುದು ಹೇಗೆ? ಸಾಯುತ್ತಿರುವ ಕಣ ಮೊದಲು ಕೆಲವು ರಾಸಾಯನಿಕಗಳನ್ನು ಹೊರಗೆ ಬಿಟ್ಟು 'ನಾನು ಇಲ್ಲಿದ್ದೇನೆ' ಅಂತ ತಿಳಿಸುತ್ತದೆ. ಆಮೇಲೆ, ಫಾಸ್ಫಟೈಡಿಲ್‌ಸೆರಿನ್ ಅನ್ನುವ ಕೊಬ್ಬು ತನ್ನ ಪೊರೆಯ ಒಳಮೈಯಿಂದ ಹೊರಮೈಗೆ ಬರುತ್ತದೆ. ಅದೇ 'ನನ್ನನ್ನು ನುಂಗು' ಅನ್ನುವ ಗುರುತು. ಬದುಕಿರುವ ಕಣದ ಮೇಲೆ ಸಿಡಿ47 ಅನ್ನುವ ಪ್ರೋಟೀನ್ ಇರುತ್ತದೆ, ಅದು 'ನನ್ನನ್ನು ಮುಟ್ಟಬೇಡ' ಅನ್ನುತ್ತದೆ. ಎರಡನ್ನೂ ನೋಡಿಯೇ ಮ್ಯಾಕ್ರೋಫೇಜ್ ನುಂಗುತ್ತದೆ. ಈ ಕೆಲಸಕ್ಕೆ ಎಫೆರೋಸೈಟೋಸಿಸ್ ಅನ್ನುತ್ತಾರೆ.

ಇದು ಬೇಗ ಆಗಬೇಕು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಪಂಕ್ತಿ ಎದ್ದ ಕೂಡಲೇ ಎಂಜಲು ತೆಗೆದರೆ ಮುಂದಿನ ಪಂಕ್ತಿ ಕೂರುತ್ತದೆ. ತೆಗೆಯುವವರು ತಡ ಮಾಡಿದರೆ ಅಡುಗೆ ಎಷ್ಟೇ ಚೆನ್ನಾಗಿದ್ದರೂ ನೊಣ, ನಾತ, ಗದ್ದಲ. ಸತ್ತ ಕಣವನ್ನು ಬೇಗ ನುಂಗದಿದ್ದರೂ ಹೀಗೇ. ಅದು ಕೊನೆಗೆ ಒಡೆಯುತ್ತದೆ. ನ್ಯೂಟ್ರೋಫಿಲ್ ಒಳಗೆ ರೋಗಾಣುವನ್ನು ಕರಗಿಸುವ ಖಾರವಾದ ಕಿಣ್ವಗಳಿವೆ. ಅವು ಚೆಲ್ಲಿದರೆ ಪಕ್ಕದ ಒಳ್ಳೆಯ ಮಾಂಸವೂ ಕರಗುತ್ತದೆ, ಉರಿಯೂತ ಇನ್ನೂ ಹೆಚ್ಚುತ್ತದೆ.

ರೋಗಾಣು ಸತ್ತ ಮೇಲೆ ಉರಿಯೂತ ತಾನಾಗಿಯೇ ಇಳಿಯುತ್ತದೆ ಅಲ್ವಾ?

ಬಹಳ ಕಾಲ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಈಗ ಗೊತ್ತಿರುವುದು ಬೇರೆ. ಉರಿಯೂತ ಇಳಿಸುವುದಕ್ಕೂ ಮೈ ಬೇರೆಯಾಗಿ ಕೆಲಸ ಮಾಡಬೇಕು.

ಸತ್ತ ನ್ಯೂಟ್ರೋಫಿಲ್ ಅನ್ನು ನುಂಗಿದ ಮ್ಯಾಕ್ರೋಫೇಜ್ ತನ್ನ ನಡತೆಯನ್ನೇ ಬದಲಿಸುತ್ತದೆ. ಅಲ್ಲಿಯವರೆಗೆ ಕಣಗಳನ್ನು ಕರೆಸುತ್ತಿದ್ದದ್ದು, ಈಗ 'ಸಾಕು' ಅನ್ನುವ ಸಂದೇಶ ಕಳಿಸುತ್ತದೆ. ಐಎಲ್-10, ಟಿಜಿಎಫ್-ಬೀಟಾ ಅನ್ನುವ ಪ್ರೋಟೀನ್‌ಗಳು ಆ ಸಂದೇಶ. ಇವುಗಳ ಜೊತೆ ಕೊಬ್ಬಿನಿಂದ ತಯಾರಾಗುವ ಲಿಪಾಕ್ಸಿನ್, ರೆಸಾಲ್ವಿನ್ ಅನ್ನುವ ವಸ್ತುಗಳೂ ಇವೆ. ಲಿಪಾಕ್ಸಿನ್‌ಗಳನ್ನು 1984ರಲ್ಲಿ ಚಾರ್ಲ್ಸ್ ಸೆರ್ಹಾನ್ ಮತ್ತು ಬೆಂಗ್ಟ್ ಸ್ಯಾಮುಯೆಲ್ಸನ್ ಜೊತೆಗಾರರೊಂದಿಗೆ ಗುರುತಿಸಿದರು. ರೆಸಾಲ್ವಿನ್ ಬಂದದ್ದು ಆಮೇಲೆ. ಅದು ಮೀನಿನಲ್ಲಿರುವ ಒಮೆಗಾ-3 ಕೊಬ್ಬಿನಿಂದ ಮೈಯೊಳಗೇ ತಯಾರಾಗುತ್ತದೆ.

ಅಂದರೆ ಕಸ ತೆಗೆಯುವ ಕೆಲಸವೇ ಉರಿಯೂತ ನಿಲ್ಲಿಸುವ ಆಜ್ಞೆಯೂ ಹೌದು. ನುಂಗುವುದು ತಡವಾದರೆ ಆಜ್ಞೆಯೂ ತಡ.

ಹಸುಗೂಸಿನ ಕಣಗಳು ದೊಡ್ಡವರ ಕಣಗಳಿಗಿಂತ ಹೇಗೆ ಬೇರೆ?

ಇಡೀ ಬರಹದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಪ್ರಶ್ನೆ ಇದು.

ಮೊದಲು ನ್ಯೂಟ್ರೋಫಿಲ್. ಕೂಸಿನ ಎಲುಬಿನ ಮಜ್ಜೆಯಲ್ಲಿ ಇವುಗಳ ದಾಸ್ತಾನು ಕಡಿಮೆ. ರಕ್ತನಾಳದ ಗೋಡೆಗೆ ಅಂಟಿಕೊಂಡು, ನುಸುಳಿ, ನಂಜಿನ ಜಾಗಕ್ಕೆ ಹೋಗುವುದೂ ನಿಧಾನ. ಆದರೆ ಒಮ್ಮೆ ಹೋಗಿ ಸೇರಿದರೆ ಬೇಗ ಸಾಯುವುದಿಲ್ಲ. ಹೊಕ್ಕಳ ಬಳ್ಳಿಯ ರಕ್ತದಿಂದ ತೆಗೆದ ನ್ಯೂಟ್ರೋಫಿಲ್‌ಗಳನ್ನು ಲ್ಯಾಬಿನಲ್ಲಿ ಇಟ್ಟು ನೋಡಿದಾಗ ಅವು ದೊಡ್ಡವರ ಕಣಗಳಿಗಿಂತ ಹೆಚ್ಚು ಹೊತ್ತು ಬದುಕಿವೆ. 'ಇನ್ನು ಸಾಯಿ' ಅನ್ನುವ ಸಂದೇಶ ಹಿಡಿಯುವ ಫಾಸ್ ಅನ್ನುವ ಗ್ರಾಹಕ ಅವುಗಳ ಮೇಲೆ ಕಡಿಮೆ ಇರುವುದು ಒಂದು ಕಾರಣ.

ಇನ್ನು ಮಾನೋಸೈಟ್. ಇವು ಮ್ಯಾಕ್ರೋಫೇಜ್ ಆಗುವ ಮೊದಲಿನ ರೂಪ. ದೊಡ್ಡವರ ಮಾನೋಸೈಟ್ ರೋಗಾಣುವನ್ನು ನುಂಗಿ ಕೆಲಸ ಮುಗಿಸಿದ ಮೇಲೆ ತಾನೂ ಸಾಯುತ್ತದೆ. ಉರಿಯೂತಕ್ಕೆ ಅದೂ ಒಂದು ಕಡಿವಾಣ. ಹಸುಗೂಸಿನ ಮಾನೋಸೈಟ್ ನುಂಗುವುದನ್ನು ಚೆನ್ನಾಗಿಯೇ ನುಂಗುತ್ತದೆ. ಆದರೆ ನುಂಗಿದ ಮೇಲೆ ಸಾಯುವುದು ಕಡಿಮೆ. ಬದುಕಿ ಉಳಿದು ಉರಿಯೂತದ ಸಂದೇಶ ಕಳಿಸುತ್ತಲೇ ಇರುತ್ತದೆ.

ಎರಡನ್ನೂ ಸೇರಿಸಿ ನೋಡಿ. ಕೂಸಿನಲ್ಲಿ ಉರಿಯೂತ ಶುರುವಾಗುವುದೂ ತಡ, ಮುಗಿಯುವುದೂ ತಡ. ಶುರು ತಡವಾದ್ದರಿಂದ ನಂಜು ಹರಡಲು ಸಮಯ ಸಿಗುತ್ತದೆ. ಮುಗಿಯುವುದು ತಡವಾದ್ದರಿಂದ ನಂಜು ಹೋದ ಮೇಲೂ ಶ್ವಾಸಕೋಶ, ಕರುಳು, ಮಿದುಳಿಗೆ ಪೆಟ್ಟು ಬೀಳಬಹುದು. ದಿನ ತುಂಬದ ಕೂಸಿಗೆ ಈ ಅಪಾಯ ಜಾಸ್ತಿ.

ಅಂದ್ರೆ ಕೂಸಿನ ರೋಗನಿರೋಧಕ ಶಕ್ತಿ ದುರ್ಬಲ ಅಂತಾನಾ?

ದುರ್ಬಲ ಅನ್ನುವುದಕ್ಕಿಂತ, ಅದರ ಗುರಿ ಬೇರೆ ಅನ್ನುವುದು ಸರಿ. ಒಂಬತ್ತು ತಿಂಗಳು ಕೂಸು ತಾಯಿಯ ಮೈಯೊಂದಿಗೆ ಜಗಳವಿಲ್ಲದೆ ಇರಬೇಕಿತ್ತು. ಹುಟ್ಟಿದ ಗಳಿಗೆಯಿಂದ ಚರ್ಮ, ಬಾಯಿ, ಕರುಳಿಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಬಂದು ನೆಲೆಸುತ್ತವೆ. ಅವುಗಳಲ್ಲಿ ಬಹುಪಾಲು ಒಳ್ಳೆಯವು. ಒಂದೊಂದಕ್ಕೂ ದೊಡ್ಡವರ ಹಾಗೆ ಕೆರಳಿದರೆ ಕೂಸು ಉಳಿಯುವುದಿಲ್ಲ. ಅದಕ್ಕೇ ಹುಟ್ಟಿದಾಗ ಅದರ ರಕ್ತದಲ್ಲಿ ಎಸ್100ಎ8, ಎಸ್100ಎ9 ಅನ್ನುವ ಪ್ರೋಟೀನ್‌ಗಳು ತುಂಬಿರುತ್ತವೆ, ಬಿಳಿ ಕಣಗಳು ಅತಿಯಾಗಿ ಕೆರಳದ ಹಾಗೆ ಅವು ತಡೆಯುತ್ತವೆ. ಇದು ಬಹಳ ಬುದ್ಧಿವಂತ ಏರ್ಪಾಡು. ನಂಜಾದಾಗ ಮಾತ್ರ ಇದೇ ಏರ್ಪಾಡು ಕೂಸಿಗೆ ಕಷ್ಟವಾಗುತ್ತದೆ.

ಸಂಶೋಧನೆಗೆ ಹೊಕ್ಕಳ ಬಳ್ಳಿಯ ರಕ್ತವೇ ಯಾಕೆ?

ಕೂಸಿಗೆ ಸೂಜಿ ಚುಚ್ಚಬೇಕಿಲ್ಲ. ಬಳ್ಳಿ ಕತ್ತರಿಸಿದ ಮೇಲೆ ಮಾಸಿನ ಕಡೆ ಉಳಿದ ರಕ್ತ ಹೇಗೂ ಎಸೆಯುವಂಥದ್ದು. ಆ ರಕ್ತದಲ್ಲಿರುವುದು ಕೂಸಿನದೇ ಕಣಗಳು. ತಾಯಿಯ ಒಪ್ಪಿಗೆ ಇಲ್ಲದೆ ತೆಗೆಯುವಂತಿಲ್ಲ. ಕೇಳಿದರೆ ಹೂಂ ಅನ್ನಲೂಬಹುದು, ಬೇಡ ಅನ್ನಲೂಬಹುದು.

ರಿಪೋರ್ಟಿನಲ್ಲಿ ಬಿಳಿ ರಕ್ತಕಣ 22 ಸಾವಿರ ಅಂತಿದೆ, ಪಕ್ಕದಲ್ಲಿ ಕೆಂಪಕ್ಷರ. ನಂಜಾ?

ಈ ಚೀಟಿ ಹಿಡಿದು ಅಪ್ಪಂದಿರು ಓಡಿ ಬರುತ್ತಾರೆ. "ಡಾಕ್ಟ್ರೇ, ಹನ್ನೊಂದು ಸಾವಿರ ಇರಬೇಕಂತ ಬರದೈತಿ, ನಮ್ಮ ಕೂಸಿಗೆ ಎರಡು ಪಟ್ಟು ಐತಲ್ರೀ!" ಚೀಟಿಯಲ್ಲಿ ಅಚ್ಚಾದ ಆ ಮಿತಿ ದೊಡ್ಡವರದ್ದು. ಹುಟ್ಟಿದ ದಿನ ಕೂಸಿನ ಬಿಳಿ ರಕ್ತಕಣ 9 ಸಾವಿರದಿಂದ 30 ಸಾವಿರದವರೆಗೆ ಇದ್ದರೂ ಅದು ಸಹಜ. ಹೆರಿಗೆಯ ಒತ್ತಡಕ್ಕೇ ನ್ಯೂಟ್ರೋಫಿಲ್‌ಗಳು ಮೊದಲ ಅರ್ಧ ದಿನ ಏರುತ್ತವೆ, ಮೂರನೇ ದಿನದ ಹೊತ್ತಿಗೆ ಇಳಿಯುತ್ತವೆ.

ನಮಗೆ ಹೆಚ್ಚು ಭಯ ಹುಟ್ಟಿಸುವುದು ಕಡಿಮೆ ಇರುವ ಸಂಖ್ಯೆ. 5 ಸಾವಿರಕ್ಕಿಂತ ಕೆಳಗೆ ಇಳಿದರೆ, ಮಜ್ಜೆಯ ದಾಸ್ತಾನು ಖಾಲಿಯಾಗುತ್ತಿರಬಹುದು ಅಂತ ಅರ್ಥ. ಯಾವ ಸಂಖ್ಯೆಯನ್ನೂ ಕೂಸಿನ ಮುಖ ನೋಡದೆ ಓದಬಾರದು. ಹಾಲು ಕುಡಿಯುತ್ತಿದೆಯಾ, ಅಳು ಜೋರಾಗಿದೆಯಾ, ಮೈ ಬೆಚ್ಚಗಿದೆಯಾ, ಮೊದಲು ಅದು.

ಸಿಆರ್‌ಪಿ ಪರೀಕ್ಷೆ ಯಾಕೆ ಎರಡೆರಡು ಸಲ ಮಾಡುತ್ತಾರೆ?

ಉರಿಯೂತದ ಸಂದೇಶ ಲಿವರ್‌ಗೆ ಮುಟ್ಟಿದ ಮೇಲೆ ಲಿವರ್ ಸಿಆರ್‌ಪಿ ಅನ್ನುವ ಪ್ರೋಟೀನ್ ತಯಾರಿಸುತ್ತದೆ. ಅದು ಏರಲು ಹತ್ತು ಹನ್ನೆರಡು ಗಂಟೆ ಬೇಕು. ಹಾಗಾಗಿ ಮೊದಲ ಪರೀಕ್ಷೆ ಸರಿ ಇದ್ದರೂ ನಂಬುವಂತಿಲ್ಲ. 24 ಗಂಟೆ ಬಿಟ್ಟು ಮಾಡಿದ್ದೂ ಸರಿ ಇದ್ದರೆ ನಂಜು ಇಲ್ಲ ಅನ್ನುವ ಧೈರ್ಯ ಬರುತ್ತದೆ, ಆ್ಯಂಟಿಬಯಾಟಿಕ್ ಬೇಗ ನಿಲ್ಲಿಸಬಹುದು. ಉರಿಯೂತ ನಿಂತರೆ ಸಿಆರ್‌ಪಿ ಸುಮಾರು 19 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ: ಈ ಸಿಆರ್‌ಪಿ ಸುಮ್ನೆ ಅಳತೆಗೋಲಲ್ಲ, ಸತ್ತ ಕಣಗಳಿಗೆ ಅಂಟಿಕೊಂಡು ಅವನ್ನು ತೆಗೆಯಲು ತಾನೂ ಸಹಾಯ ಮಾಡುತ್ತದೆ.

ಎರಡನೇ ದಿನ ಮೈತುಂಬ ಕೆಂಪು ಕಲೆ, ನಡುವೆ ಸಣ್ಣ ಬಿಳಿ ಗುಳ್ಳೆ. ಏನು ಹಚ್ಚಬೇಕು?

ಏನೂ ಬೇಡ. ದಿನ ತುಂಬಿದ ಕೂಸುಗಳಲ್ಲಿ ಸುಮಾರು ಅರ್ಧಕ್ಕರ್ಧ ಮಕ್ಕಳಿಗೆ ಇದು ಬರುತ್ತದೆ. ಗುಳ್ಳೆಯಲ್ಲಿರುವುದು ಕೀವಲ್ಲ, ಇಯೋಸಿನೋಫಿಲ್ ಅನ್ನುವ ಬಿಳಿ ಕಣಗಳು. ಬೆಳಿಗ್ಗೆ ಕೆನ್ನೆಯಲ್ಲಿದ್ದದ್ದು ಸಂಜೆಗೆ ಬೆನ್ನಿಗೆ ಹೋಗಿರುತ್ತದೆ. ಒಂದೆರಡು ವಾರದಲ್ಲಿ ಕಲೆಯೂ ಉಳಿಯದೆ ಮಾಯ. ಉರಿಯೂತ ತಾನು ಶುರುವಾಗಿ ತಾನೇ ಮುಗಿಯುವುದನ್ನು ಬರಿಗಣ್ಣಿಗೆ ನೋಡಬೇಕೆಂದರೆ ಇದನ್ನು ನೋಡಿ. ಆದರೆ ಗುಳ್ಳೆ ದೊಡ್ಡದಾಗಿ ಹಳದಿ ಕೀವು ತುಂಬಿದ್ದರೆ, ಕೂಸು ಮಂಕಾಗಿದ್ದರೆ ತೋರಿಸಲೇಬೇಕು.

ಹೊಕ್ಕಳ ಬಳ್ಳಿ ಹೇಗೆ ಬೀಳುತ್ತದೆ? ಏನು ಹಚ್ಚಿದರೆ ಬೇಗ ಒಣಗುತ್ತದೆ?

ಐದಾರನೇ ದಿನದ ಹೊಕ್ಕಳನ್ನು ಹತ್ತಿರದಿಂದ ನೋಡಿ. ಮೇಲಿನ ತುಂಡು ಕಪ್ಪಗೆ, ಗಟ್ಟಿಯಾಗಿ, ಒಣ ಮೆಣಸಿನಕಾಯಿಯ ತೊಟ್ಟಿನಷ್ಟು ದಪ್ಪಕ್ಕೆ ಬಂದಿರುತ್ತದೆ. ಬುಡದಲ್ಲಿ ಚರ್ಮ ಸೇರುವ ಕಡೆ ಸ್ವಲ್ಪ ಹಸಿ, ಸ್ವಲ್ಪ ಅಂಟು. ಆ ಅಂಟು ಗೆರೆಯಲ್ಲೇ ಎಲ್ಲ ಕೆಲಸ ನಡೆದಿರುವುದು. ನ್ಯೂಟ್ರೋಫಿಲ್‌ಗಳು ಅಲ್ಲಿ ಬಂದು ಸೇರಿ ಸತ್ತ ಬಳ್ಳಿಯನ್ನೂ ಬದುಕಿರುವ ಚರ್ಮವನ್ನೂ ಬೇರ್ಪಡಿಸುತ್ತವೆ. ಆಮೇಲೆ ಮ್ಯಾಕ್ರೋಫೇಜ್‌ಗಳು ಬಂದು ಜಾಗ ಶುದ್ಧ ಮಾಡುತ್ತವೆ, ಗಾಯ ಮಾಯುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನೈದು ದಿನದೊಳಗೆ ಬಳ್ಳಿ ಬೀಳುತ್ತದೆ.

ನ್ಯೂಟ್ರೋಫಿಲ್‌ಗಳು ಅಲ್ಲಿಗೆ ಹೋಗದಿದ್ದರೆ? ಅಂಥ ಒಂದು ಅಪರೂಪದ ಹುಟ್ಟು ಕಾಯಿಲೆ ಇದೆ. ರಕ್ತನಾಳದ ಗೋಡೆಗೆ ಅಂಟಿಕೊಳ್ಳಲು ಬೇಕಾದ ಪ್ರೋಟೀನ್ ಆ ಮಕ್ಕಳ ಬಿಳಿ ಕಣಗಳಲ್ಲಿ ಇರುವುದಿಲ್ಲ. ರಕ್ತದಲ್ಲಿ ಕಣಗಳು ತುಂಬಿ ತುಳುಕುತ್ತವೆ, ಗಾಯದಲ್ಲಿ ಕೀವೇ ಆಗುವುದಿಲ್ಲ. ಆ ಮಕ್ಕಳ ಹೊಕ್ಕಳ ಬಳ್ಳಿ ತಿಂಗಳಾದರೂ ಬೀಳುವುದಿಲ್ಲ. ಅದಕ್ಕೇ ನಾಲ್ಕು ವಾರವಾದರೂ ಬಳ್ಳಿ ಬೀಳದಿದ್ದರೆ ತೋರಿಸಿ ಅನ್ನುತ್ತೇವೆ.

ಹಚ್ಚುವುದರ ಬಗ್ಗೆ: ಬೂದಿ, ಅರಿಶಿಣ, ಎಣ್ಣೆ, ಸಗಣಿ ಯಾವುದೂ ಬೇಡ. ಒಣಗಿದ್ದಷ್ಟೂ ಒಳ್ಳೆಯದು. ಲಂಗೋಟಿಯನ್ನು ಹೊಕ್ಕಳ ಕೆಳಗೆ ಕಟ್ಟಿ, ಗಾಳಿ ಆಡಲಿ. ಸಗಣಿ, ಮಣ್ಣಿನಲ್ಲಿ ಧನುರ್ವಾಯುವಿನ ಬೀಜಕ ಇರುತ್ತದೆ. ಹಿಂದೆ ಅದರಿಂದ ಎಷ್ಟೋ ಕೂಸುಗಳು ಸತ್ತವು. ಗರ್ಭಿಣಿಯರಿಗೆ ಹಾಕುವ ಇಂಜೆಕ್ಷನ್ ಮತ್ತು ಶುಚಿಯಾದ ಹೆರಿಗೆಯಿಂದ ಹಸುಗೂಸಿನ ಧನುರ್ವಾಯು ಭಾರತದಲ್ಲಿ ಹತೋಟಿಗೆ ಬಂದಿದೆ ಅಂತ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಹೊಕ್ಕಳ ಸುತ್ತ ಚರ್ಮ ಕೆಂಪಾಗಿ ಹರಡಿದರೆ, ವಾಸನೆಯ ಕೀವು ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ.

ಕಾಮಣಿಗೂ ಸತ್ತ ಕಣಗಳಿಗೂ ಏನು ಸಂಬಂಧ?

ನೇರ ಸಂಬಂಧ. ಕೂಸಿನ ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 70ರಿಂದ 90 ದಿನ. ದೊಡ್ಡವರದ್ದು 120 ದಿನ. ಮೇಲಾಗಿ ಕೂಸಿಗೆ ಕೆಂಪು ಕಣ ಜಾಸ್ತಿ. ಮುದಿಯಾದ ಕೆಂಪು ಕಣಗಳನ್ನು ಗುಲ್ಮ ಮತ್ತು ಲಿವರ್‌ನಲ್ಲಿರುವ ಮ್ಯಾಕ್ರೋಫೇಜ್‌ಗಳು ನುಂಗುತ್ತವೆ. ಒಳಗಿನ ಕಬ್ಬಿಣವನ್ನು ತೆಗೆದಿಟ್ಟುಕೊಳ್ಳುತ್ತವೆ, ಮುಂದಿನ ತಿಂಗಳುಗಳಲ್ಲಿ ಹೊಸ ರಕ್ತಕ್ಕೆ ಅದು ಬೇಕು. ಉಳಿದದ್ದು ಬಿಲಿರುಬಿನ್ ಅನ್ನುವ ಹಳದಿ ವಸ್ತುವಾಗುತ್ತದೆ. ಅದನ್ನು ಹೊರಹಾಕಬೇಕಾದ ಲಿವರ್ ಇನ್ನೂ ಪೂರ್ತಿ ಪಳಗಿರುವುದಿಲ್ಲ. ಹೀಗಾಗಿ ದಿನ ತುಂಬಿದ ಕೂಸುಗಳಲ್ಲಿ 100ಕ್ಕೆ 60, ದಿನ ತುಂಬದವರಲ್ಲಿ 100ಕ್ಕೆ 80 ಮಕ್ಕಳಿಗೆ ಮೊದಲ ವಾರ ಹಳದಿ ಕಾಣುತ್ತದೆ.

ಬಹುಪಾಲು ತಾನೇ ಇಳಿಯುತ್ತದೆ. ಮೊದಲ 24 ಗಂಟೆಯೊಳಗೆ ಹಳದಿಯಾದರೆ, ಅಂಗೈ ಅಂಗಾಲು ಹಳದಿಯಾದರೆ, ಎರಡು ವಾರ ದಾಟಿದರೂ ಇದ್ದರೆ ತಡ ಮಾಡಬೇಡಿ. ಮಲ ಸುಣ್ಣದ ಬಣ್ಣಕ್ಕೆ ತಿರುಗಿದರೆ ಅದು ಪಿತ್ತನಾಳದ ಕಾಯಿಲೆ ಇರಬಹುದು. ಆಪರೇಷನ್ ಎರಡು ತಿಂಗಳೊಳಗೆ ಆದರೆ ಒಳ್ಳೆಯದು.

ಬೆಳಗಿನ ಬಿಸಿಲಿಗೆ ಹಿಡಿದರೆ ಸಾಲದಾ? ನೀಲಿ ಲೈಟ್ ಯಾಕೆ?

ಬಿಸಿಲಿನ ಗುಣ ನಿಜ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್ ಕೂಸುಗಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಬಿಸಿಲು ಬಿದ್ದ ಚರ್ಮದ ಹಳದಿ ಕಡಿಮೆಯಾದದ್ದನ್ನು ಅವರೇ ಗಮನಿಸಿ ತೋರಿಸಿದರು. ನರ್ಸ್ ಒಬ್ಬರ ಕಣ್ಣಿಗೆ ಬಿದ್ದ ಆ ಸಂಗತಿಯಿಂದ ಲೈಟ್ ಚಿಕಿತ್ಸೆ ಹುಟ್ಟಿತು. ನೀಲಿ ಬೆಳಕು ಬಿಲಿರುಬಿನ್ ರೂಪ ಬದಲಿಸಿ, ಲಿವರ್ ಕೆಲಸವಿಲ್ಲದೆ ಹೊರಹೋಗುವ ಹಾಗೆ ಮಾಡುತ್ತದೆ.

ಆದರೆ ರಾಯಚೂರಿನ ಏಪ್ರಿಲ್ ಬಿಸಿಲು ಇಂಗ್ಲೆಂಡಿನದ್ದಲ್ಲ. 40 ಡಿಗ್ರಿ ದಾಟುವ ಊರಿನಲ್ಲಿ ಬೆತ್ತಲೆ ಕೂಸನ್ನು ಬಿಸಿಲಿಗೆ ಮಲಗಿಸಿದರೆ ಮೈನೀರು ಆರುತ್ತದೆ, ಕಾಮಣಿ ಇನ್ನೂ ಏರುತ್ತದೆ. ಆಸ್ಪತ್ರೆಯ ಲೈಟಿನ ಕೆಳಗೆ ಅಳತೆ ಇದೆ. 'ಗಾಜಿನ ಪೆಟ್ಟಿಗ್ಯಾಗ ಇಟ್ಟಾರ' ಅಂತ ಅಳಬೇಡಿ. ಹಾಲು ಕುಡಿಸಲು ನಡುನಡುವೆ ನಿಮ್ಮ ಕೈಗೇ ಕೊಡುತ್ತಾರೆ.

ಹೊಟ್ಟೆ ಉಬ್ಬಿದರೆ, ಕಾಮಣಿಯಾದರೆ ಬರೆ ಹಾಕಿಸಿದರೆ ವಾಸಿ ಆಗುತ್ತದೆ ಅಂತಾರೆ. ನಿಜಾನಾ?

ಇಲ್ಲ. ದಯವಿಟ್ಟು ಹಾಕಿಸಬೇಡಿ.

ನಮ್ಮ ಕಡೆ ಇನ್ನೂ ಕೆಲವು ಮನೆಗಳಲ್ಲಿ ಈ ರೂಢಿ ಇದೆ. ಊದುಬತ್ತಿ, ಕಾಸಿದ ಸೂಜಿ, ಬಳೆಚೂರು. ಅಂಗಿ ಬಿಚ್ಚಿದಾಗ ಹೊಕ್ಕಳ ಸುತ್ತ ಕಡಲೆಕಾಳಿನ ಗಾತ್ರದ ಗುರುತುಗಳು ಕಾಣುತ್ತವೆ, ಕೆಲವು ಒಣಗಿರುತ್ತವೆ, ಕೆಲವು ಇನ್ನೂ ಹಸಿ. ಮಾಡಿಸಿದವರಲ್ಲಿ ಯಾರೂ ಕೆಟ್ಟವರಲ್ಲ. ಕೂಸು ಉಳಿಯಲಿ ಅಂತಲೇ ಮಾಡಿಸಿರುತ್ತಾರೆ. ಅದಕ್ಕೇ ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ.

ಒಳಗೆ ಏನಾಗುತ್ತದೆ ನೋಡಿ. ಬರೆ ಬಿದ್ದ ಜಾಗದ ಜೀವಕೋಶಗಳು ಅಪಾಪ್ಟೋಸಿಸ್‌ನಂತೆ ಕ್ರಮವಾಗಿ ಸಾಯುವುದಿಲ್ಲ, ಒಮ್ಮೆಗೇ ಒಡೆದು ಸಾಯುತ್ತವೆ. ಒಳಗಿದ್ದದ್ದೆಲ್ಲ ಚೆಲ್ಲುತ್ತದೆ. ಆ ಕರೆಗೆ ನ್ಯೂಟ್ರೋಫಿಲ್‌ಗಳು ಬರುತ್ತವೆ, ಬಂದವು ಬೇಗ ಸಾಯುವುದಿಲ್ಲ. ಮೊದಲೇ ನಂಜಾಗಿರುವ ಕೂಸಾಗಿದ್ದರೆ ಅದರ ಚಿಕ್ಕ ದಾಸ್ತಾನು ಎರಡು ಕಡೆ ಹಂಚಿ ಹೋಗುತ್ತದೆ. ಸುಟ್ಟ ಚರ್ಮದ ಬಾಗಿಲಿನಿಂದ ಹೊಸ ರೋಗಾಣು ಒಳಬರುತ್ತದೆ. ಇದರ ಜೊತೆ, ಆಸ್ಪತ್ರೆಗೆ ಬರುವುದು ಒಂದೆರಡು ದಿನ ತಡವಾಗಿರುತ್ತದೆ. ಹಸುಗೂಸಿಗೆ ಆ ದಿನಗಳೇ ಎಲ್ಲ.

ಬರೆ ಹಾಕಿದ ಮೇಲೆ ಕಾಮಣಿ ಇಳಿಯಿತು ಅನ್ನುವ ಅಜ್ಜಿಯ ಮಾತು ಸುಳ್ಳಲ್ಲ. ಬಹುಪಾಲು ಕಾಮಣಿ ಎರಡನೇ ವಾರಕ್ಕೆ ಹೇಗೂ ಇಳಿಯುತ್ತದೆ. ಹಿರಿಯರಿಗೆ ಗದರಬೇಡಿ. "ಯಮ್ಮಾ, ಒಂದು ಸಲ ಡಾಕ್ಟರಿಗೆ ತೋರಿಸಿಕೊಂಡು ಬರೋಣ, ಆಮೇಲೆ ನೋಡೋಣ" ಅನ್ನಿ. ಬರೆ ಹಾಕಿಸಿದ್ದರೂ ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ, ಬನ್ನಿ.

ತಾಯಿಯ ಹಾಲು ಉರಿಯೂತ ಇಳಿಸುತ್ತದಾ?

ಹೌದು. ಗಿಣ್ಣದ ಹಾಲಿನಲ್ಲಿ ಬದುಕಿರುವ ಬಿಳಿ ಕಣಗಳೇ ಇರುತ್ತವೆ, ಅದರಲ್ಲಿ ಮ್ಯಾಕ್ರೋಫೇಜ್ ಕೂಡ. ರೋಗಾಣು ಕರುಳಿಗೆ ಅಂಟದ ಹಾಗೆ ತಡೆಯುವ ಪ್ರತಿಕಾಯಗಳಿವೆ. ಮೇಲೆ ಹೇಳಿದ ಐಎಲ್-10, ಟಿಜಿಎಫ್-ಬೀಟಾ ಇವೆ. ಅಂದರೆ 'ಸಾಕು' ಅನ್ನುವ ಸಂದೇಶ ಹಾಲಿನ ಜೊತೆಗೇ ಹೋಗುತ್ತದೆ.

ಇನ್ನೊಂದು ವಿಷಯ ಕೇಳಿ. ಹಾಲಿನ ಕೊಬ್ಬಿನ ಹನಿಗಳನ್ನು ಸುತ್ತಿಕೊಂಡಿರುವ ಎಂಎಫ್‌ಜಿ-ಇ8 ಅನ್ನುವ ಪ್ರೋಟೀನ್ ಇದೆ. 2002ರಲ್ಲಿ ಜಪಾನಿನ ಶಿಗೆಕಜು ನಗಾಟಾ ಅವರ ತಂಡ ಅದರ ಇನ್ನೊಂದು ಕೆಲಸ ಕಂಡುಹಿಡಿಯಿತು. ಅದು ಒಂದು ಕಡೆ ಸತ್ತ ಕಣದ ಫಾಸ್ಫಟೈಡಿಲ್‌ಸೆರಿನ್ ಹಿಡಿಯುತ್ತದೆ, ಇನ್ನೊಂದು ಕಡೆ ಮ್ಯಾಕ್ರೋಫೇಜ್ ಹಿಡಿಯುತ್ತದೆ, ಎರಡನ್ನೂ ಜೋಡಿಸುತ್ತದೆ. ಹಾಲಿನಲ್ಲಿ ಮೊದಲು ಸಿಕ್ಕ ಪ್ರೋಟೀನೇ ಮೈಯಲ್ಲಿ ಸತ್ತ ಕಣ ತೆಗೆಯುವ ಕೆಲಸದಲ್ಲೂ ಇದೆ. ಓದಿದಾಗೆಲ್ಲ ನನಗೆ ಖುಷಿಯಾಗುತ್ತದೆ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ. ಸಕ್ಕರೆ ನೀರು, ಜೇನು, ಹರಳೆಣ್ಣೆ, ಬಜೆ ನೆಕ್ಕಿಸುವುದು ಬೇಡ. ವರ್ಷದೊಳಗಿನ ಮಕ್ಕಳಿಗೆ ಜೇನು ಅಪಾಯಕಾರಿ.

ಸ್ನಾನ ಆದ ಮೇಲೆ ಲೋಬಾನದ ಹೊಗೆ ಹಿಡಿಯಬಹುದಾ?

ಬೇಡ. ಹೊಗೆ ಶ್ವಾಸನಾಳವನ್ನು ಕೆರಳಿಸುತ್ತದೆ. ಸಿಗರೇಟಿನ ಹೊಗೆ ಶ್ವಾಸಕೋಶದ ಮ್ಯಾಕ್ರೋಫೇಜ್‌ಗಳ ನುಂಗುವ ಶಕ್ತಿಯನ್ನೇ ಕುಗ್ಗಿಸುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಬಾಣಂತಿ ಕೋಣೆಯಲ್ಲಿ ಕೆಂಡದ ಬೋಗುಣಿ, ಬೀಡಿ ಎರಡೂ ಇರಬಾರದು.

ದಿನ ತುಂಬದೆ ಹುಟ್ಟಿದ ಕೂಸಿನ ಶ್ವಾಸಕೋಶಕ್ಕೇ ಯಾಕೆ ಇಷ್ಟು ತೊಂದರೆ?

ಮೂರು ಕೊರತೆ ಒಟ್ಟಿಗೆ ಸೇರುತ್ತವೆ. ಗಾಳಿಗೂಡುಗಳು ಇನ್ನೂ ಪೂರ್ತಿ ಆಗಿರುವುದಿಲ್ಲ. ಅವು ಮುಚ್ಚಿಕೊಳ್ಳದ ಹಾಗೆ ಕಾಯುವ ಸರ್ಫ್ಯಾಕ್ಟಂಟ್ ಅನ್ನುವ ಜಿಡ್ಡು ಕಡಿಮೆ. ಆ ಜಿಡ್ಡಿನಲ್ಲಿರುವ ಕೆಲವು ಪ್ರೋಟೀನ್‌ಗಳು ಸತ್ತ ಕಣ ನುಂಗಲು ಮ್ಯಾಕ್ರೋಫೇಜ್‌ಗೆ ಸಹಾಯ ಮಾಡುತ್ತವೆ, ಅವೂ ಕಡಿಮೆ. ಶ್ವಾಸಕೋಶದ ಮ್ಯಾಕ್ರೋಫೇಜ್‌ಗಳು ಪಕ್ವವಾಗಿ ನೆಲೆಯೂರುವುದೇ ಹುಟ್ಟಿದ ಆಸುಪಾಸಿನ ದಿನಗಳಲ್ಲಿ.

ಅಂಥ ಶ್ವಾಸಕೋಶಕ್ಕೆ ವೆಂಟಿಲೇಟರಿನ ಒತ್ತಡ, ಆಮ್ಲಜನಕ ಬೇಕಾಗುತ್ತದೆ. ಬದುಕಿಸುವುದೂ ಅದೇ, ಕೆರಳಿಸುವುದೂ ಅದೇ. ನ್ಯೂಟ್ರೋಫಿಲ್‌ಗಳು ಬರುತ್ತವೆ. ಗುಣವಾಗುವ ಕೂಸಿನಲ್ಲಿ ಮೊದಲ ವಾರದಲ್ಲಿ ಅವು ಇಳಿದು ಮ್ಯಾಕ್ರೋಫೇಜ್‌ಗಳು ಹೆಚ್ಚುತ್ತವೆ. ಕೆಲವು ಕೂಸುಗಳಲ್ಲಿ ನ್ಯೂಟ್ರೋಫಿಲ್‌ಗಳು ಉಳಿದುಬಿಡುತ್ತವೆ, ಅವುಗಳ ಕಿಣ್ವಗಳು ಎಳೆಯ ಗಾಳಿಗೂಡಿನ ಗೋಡೆಯನ್ನೇ ಕರಗಿಸುತ್ತವೆ. ಇದು ಬಿಪಿಡಿ ಅನ್ನುವ ಕಾಯಿಲೆಗೆ ದಾರಿ. 1967ರಲ್ಲಿ ನಾರ್ತ್‌ವೇ ಮತ್ತು ಸಂಗಡಿಗರು ಅದನ್ನು ಮೊದಲು ವಿವರಿಸಿದರು. ತಿಂಗಳುಗಟ್ಟಲೆ ಆಮ್ಲಜನಕ ಬೇಕಾಗುವ ಮಕ್ಕಳು ಇವರು. ಅದಕ್ಕೇ ಸಾಧ್ಯವಾದಷ್ಟು ವೆಂಟಿಲೇಟರ್ ತಪ್ಪಿಸಿ, ಮೂಗಿನಿಂದ ಮೆಲ್ಲಗೆ ಒತ್ತಡದ ಗಾಳಿ ಕೊಡುವ ಸಿ-ಪ್ಯಾಪ್ ಹಾಕುತ್ತಾರೆ, ಆಮ್ಲಜನಕವನ್ನು ಅಳೆದು ಕೊಡುತ್ತಾರೆ.

ಸಿಂಧನೂರು, ಮಾನ್ವಿ ಕಡೆ ಗದ್ದೆ ಕೆಲಸಕ್ಕೆ ಹೋಗುವ ಗರ್ಭಿಣಿಯರಿಗೆ ಒಂದು ಮಾತು. ದಿನಕ್ಕೆ ಮೊದಲೇ ನೋವು ಬಂದರೆ 'ನಾಳೆ ನೋಡೋಣ' ಅನ್ನಬೇಡಿ. ಹೆರಿಗೆಗೆ ಮುಂಚೆ ತಾಯಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೂಸಿನ ಶ್ವಾಸಕೋಶವನ್ನು ಬೇಗ ಹದಗೊಳಿಸುತ್ತದೆ. ಅದು ಕೆಲಸ ಮಾಡಲು ಸಮಯ ಬೇಕು.

ಕಾಂಗರೂ ಆರೈಕೆಯಿಂದ ಏನು ಲಾಭ?

ಕೂಸನ್ನು ಬರಿ ಎದೆಗೆ ಒತ್ತಿ ಇಟ್ಟುಕೊಳ್ಳುವುದು ಅಷ್ಟೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದಿದ್ದಾಗ ಶುರುವಾಯಿತು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದ ಕಡಿಮೆ ತೂಕದ ಮಕ್ಕಳಲ್ಲಿ ಸಾವು ಕಾಲು ಭಾಗ ಕಡಿಮೆಯಾಯಿತು, ನಂಜೂ ಕಡಿಮೆಯಾಯಿತು. ಅಪ್ಪ, ಅಜ್ಜಿ ಯಾರು ಬೇಕಾದರೂ ಮಾಡಬಹುದು.

ಉರಿಯೂತ ಇಳಿಸುವ ಔಷಧಿಯನ್ನೇ ಕೂಸಿಗೆ ಕೊಡಬಾರದಾ? ಮೀನೆಣ್ಣೆ?

ಸುಲಭ ಅನ್ನಿಸುತ್ತದೆ, ಆದರೆ ಹಾಗಿಲ್ಲ. ದಿನ ತುಂಬದ ಕೂಸಿಗೆ ಹುಟ್ಟಿದ ಮೊದಲ ವಾರದಲ್ಲೇ ಡೆಕ್ಸಾಮೆಥಸೋನ್ ಅನ್ನುವ ಸ್ಟಿರಾಯ್ಡ್ ಕೊಟ್ಟಾಗ ಶ್ವಾಸಕೋಶಕ್ಕೆ ಒಳ್ಳೆಯದಾಯಿತು, ಮುಂದೆ ಸೆರೆಬ್ರಲ್ ಪಾಲ್ಸಿಯ (ಮಿದುಳಿನ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ಕಾಯಿಲೆ) ಅಪಾಯ ಹೆಚ್ಚಾಯಿತು. ಈಗ ಬಹಳ ಆಲೋಚಿಸಿ, ಆಯ್ದ ಮಕ್ಕಳಿಗೆ ಮಾತ್ರ ಕೊಡುತ್ತಾರೆ.

ರೆಸಾಲ್ವಿನ್ ಒಮೆಗಾ-3ರಿಂದ ಬರುತ್ತದಲ್ಲ, ಅದನ್ನೇ ಕೊಟ್ಟರೆ ಅಂತ ಸಂಶೋಧಕರೂ ಯೋಚಿಸಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಾಪುರದಲ್ಲಿ 29 ವಾರಕ್ಕೂ ಮೊದಲೇ ಹುಟ್ಟಿದ 1,273 ಮಕ್ಕಳ ಮೇಲೆ ಡಿಎಚ್‌ಎ ಅನ್ನುವ ಒಮೆಗಾ-3 ಕೊಬ್ಬನ್ನು ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂತು. ಬಿಪಿಡಿ ಕಡಿಮೆಯಾಗಲಿಲ್ಲ. ಲ್ಯಾಬಿನಲ್ಲಿ ಚೆಂದ ಕಂಡದ್ದು ಕೂಸಿನಲ್ಲಿ ಹಾಗೇ ಆಗಬೇಕೆಂದಿಲ್ಲ, ಅದಕ್ಕೇ ಇಂಥ ಪರೀಕ್ಷೆಗಳು ಬೇಕು. ಮೆಡಿಕಲ್ ಅಂಗಡಿಯಿಂದ ನೀವೇ ಏನನ್ನೂ ತಂದು ಹಾಕಬೇಡಿ.

ಭರವಸೆ ಕೊಡುವ ಸುದ್ದಿಯೂ ಇದೆ. ಒಡಿಶಾದ ಹಳ್ಳಿಗಳಲ್ಲಿ 4,556 ಹಸುಗೂಸುಗಳ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ವಾರ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಮತ್ತು ಅದಕ್ಕೆ ಆಹಾರವಾಗುವ ಸಕ್ಕರೆ ಕೊಟ್ಟಾಗ ನಂಜು ಮತ್ತು ಸಾವು ಸೇರಿ 100ಕ್ಕೆ 40ರಷ್ಟು ಕಡಿಮೆಯಾಯಿತು. ಅದೂ 2017ರಲ್ಲೇ ಪ್ರಕಟವಾಯಿತು. ಅಲ್ಲಿ ಆರಿಸಿದ ತಳಿಯೇ ಬೇರೆ, ಅಂಗಡಿಯ ಪುಡಿ ಬೇರೆ. ನಮ್ಮ ಹಳ್ಳಿಗಳಂಥ ಹಳ್ಳಿಗಳಲ್ಲೇ ಇಂಥ ಕೆಲಸ ನಡೆದದ್ದು ನನಗೆ ಮುಖ್ಯ ಅನ್ನಿಸುತ್ತದೆ.

ಬಿಸಿಜಿ ಹಾಕಿದ ಕಡೆ ತಿಂಗಳಾದ ಮೇಲೆ ಕೀವು ಬಂದಿದೆ. ಒತ್ತಿ ತೆಗೆಯಲಾ?

ಒತ್ತಬೇಡಿ. ಎಡತೋಳಿನಲ್ಲಿ ಆ ಗುಳ್ಳೆ ಆಗುವುದು ಸಹಜ. ಒಂದೆರಡು ತಿಂಗಳಲ್ಲಿ ಒಣಗಿ ಸಣ್ಣ ಕಲೆ ಉಳಿಯುತ್ತದೆ. ಕಂಕುಳಲ್ಲಿ ದೊಡ್ಡ ಗಂಟಾದರೆ ತೋರಿಸಿ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಹಸುಗೂಸಿಗೆ ನಂಜಾದಾಗ ದೊಡ್ಡವರ ಹಾಗೆ ಜ್ವರವೇ ಬರಬೇಕೆಂದಿಲ್ಲ. ಮೈ ತಣ್ಣಗಾಗುವುದೂ ಅಷ್ಟೇ ಅಪಾಯ. ಚೆನ್ನಾಗಿ ಕುಡಿಯುತ್ತಿದ್ದ ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿ ಬಿದ್ದಿದ್ದರೆ, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಎದೆ ಒಳಗೆ ಎಳೆಯುತ್ತಿದ್ದರೆ, ಫಿಟ್ಸ್ ಬಂದರೆ, ಮೈ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ 35.5ಕ್ಕಿಂತ ಇಳಿದರೆ ಬೆಳಗಾಗಲಿ ಅಂತ ಕಾಯಬೇಡಿ. ಇವುಗಳಲ್ಲಿ ಒಂದೇ ಇದ್ದರೂ ಸಾಕು.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಅಕ್ಕ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ. ತವರಿಗೆ ಹೋಗಿದ್ದರೆ ಆ ಊರಿನ ಆಶಾಗೆ ಹೇಳಿಸಿ. 108ಕ್ಕೆ ಫೋನ್ ಮಾಡಿ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಸುಗೂಸುಗಳಿಗೇ ಬೇರೆ ಘಟಕ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ವರ್ಷದೊಳಗಿನ ಮಗುವಿಗೆ ಚಿಕಿತ್ಸೆ, ಔಷಧಿ, ಹೋಗಿಬರುವ ಗಾಡಿ ಎಲ್ಲ ಉಚಿತ. ದಾರಿಯಲ್ಲಿ ಕೂಸನ್ನು ಎದೆಗೆ ಒತ್ತಿ ಹಿಡಿದು ಮೇಲೆ ಸೆರಗು ಹೊದಿಸಿ, ತಲೆಗೆ ಟೋಪಿ ಹಾಕಿ. ಕುಡಿಯುವ ಹಾಗಿದ್ದರೆ ಎದೆಹಾಲು ಕೊಡುತ್ತಲೇ ಇರಿ. ತಾಯಿ ಕಾರ್ಡ್ ಮರೆಯದೆ ತನ್ನಿ. ಹುಟ್ಟಿದ ತೂಕ, ಹಾಕಿದ ಲಸಿಕೆ ಎಲ್ಲ ಅದರಲ್ಲಿರುತ್ತದೆ.